ಗುಂಡು ಎರಕ ಹೊಯ್ದ ದಸರಾ

ಕಳೆದ ತಿಂಗಳು ಟೆಕ್ಸಾಸಿನ ಸೈಪ್ರೆಸ್‌ನಲ್ಲಿ ಗೆಳತಿಯ ಮೊಮ್ಮಗಳ ಹುಟ್ಟುಹಬ್ಬವಿತ್ತು. ಕೇಕಿನ ಮೇಲೆ ಮೇಣದ ಬತ್ತಿ ಹಚ್ಚಿದ್ದರು. ಮಗು ಕೆನ್ನೆ ಉಬ್ಬಿಸಿ ಊದಿತು, ಎಲ್ಲರೂ ಚಪ್ಪಾಳೆ ತಟ್ಟಿದರು, ಆರಿದ ಬತ್ತಿಗಳ ಹೊಗೆ ನೇರವಾಗಿ ನನ್ನ ಮೂಗಿಗೆ ಬಂತು. ನನಗೆ ನೆನಪಾದದ್ದು ಕೇಕಲ್ಲ, ಕಾದ ಸೀಸ. "ಅಬ್ಬಾ, ಗುಂಡು ಎರಕ ಹೊಯ್ಯೋವಾಗ ಹೀಗೇ ವಾಸನೆ ಬರ್ತಿತ್ತು" ಎಂದು ಬಾಯಿ ತಪ್ಪಿ ಹೇಳಿಬಿಟ್ಟೆ. ಪಕ್ಕದಲ್ಲಿ ಪೇಪರ್ ತಟ್ಟೆ ಹಿಡಿದು ನಿಂತಿದ್ದ ಹೆಂಗಸು, ಶ್ರಾವಣ ಬಂದರೆ ಈರುಳ್ಳಿಯನ್ನೂ ಮುಟ್ಟದವಳು ನಾನೆಂದು ಬಲ್ಲವಳು, ಮೆಲ್ಲಗೆ ಒಂದು ಹೆಜ್ಜೆ ಆಚೆ ಸರಿದಳು. ಅವಳಿಗೆ ಅಲ್ಲೇ ಕೂತು ಎಲ್ಲವನ್ನೂ ವಿವರಿಸಲು ಆಗಲಿಲ್ಲ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಅದು ತೊಂಬತ್ತೊಂಬತ್ತನೆಯ ಇಸವಿ. ನಾವು ಟೆಕ್ಸಾಸಿನದೇ ಇನ್ನೊಂದು ಊರಾದ ರೌಂಡ್ ರಾಕ್‌ನಲ್ಲಿದ್ದೆವು. ಡಿಸೆಂಬರ್ ಮುಗಿದ ಮರುಕ್ಷಣ ಜಗತ್ತಿನ ಕಂಪ್ಯೂಟರುಗಳೆಲ್ಲ ನಿಂತುಹೋಗುತ್ತವೆ ಎಂದು ನಮ್ಮ ಕಡೆಯವರೆಲ್ಲ ಹಗಲೂ ರಾತ್ರಿ ದುಡಿಯುತ್ತಿದ್ದ ಕಾಲ. ನನ್ನ ಗಂಡ ಶ್ರೀಧರ್ ಸೋಮವಾರ ಬೆಳಿಗ್ಗೆ ಡಾಲಸ್‌ಗೆ ಹೋದರೆ ಮತ್ತೆ ಮುಖ ತೋರಿಸುತ್ತಿದ್ದದ್ದು ಶುಕ್ರವಾರ. ನನ್ನ ವೀಸಾದಲ್ಲಿ ಕೆಲಸ ಮಾಡುವಂತಿರಲಿಲ್ಲ, ಕಾರು ಓಡಿಸಲು ಇನ್ನೂ ಬರುತ್ತಿರಲಿಲ್ಲ. ಧಾರವಾಡದಿಂದ ಅತ್ತೆ ಆರು ತಿಂಗಳಿಗೆಂದು ಬಂದಿದ್ದರು. ಸಂಜೆ ಬಿಸಿಲು ಇಳಿದ ಮೇಲೆ ಅತ್ತೆ ಸೀರೆಯ ಕೆಳಗೆ ಮಗನ ಹಳೆಯ ಶೂ ಹಾಕಿಕೊಂಡು, ನಾನು ಅವರ ಹಿಂದೆ, ಇಬ್ಬರೂ ಬೀದಿ ಅಳೆಯುತ್ತಿದ್ದೆವು. ಆ ಬೀದಿಯಲ್ಲಿ ನಡೆಯುತ್ತಿದ್ದವರು ನಾವಿಬ್ಬರು ಮತ್ತು ನಾಯಿಗಳು ಮಾತ್ರ.

ಸೆಪ್ಟೆಂಬರಿನ ಒಂದು ಸಂಜೆ ನಮ್ಮ ಎದುರು ಮನೆಯ ತೆರೆದ ಗರಾಜಿನಿಂದ ಆ ವಾಸನೆ ಬಂತು. ಮೇಣ ಸುಟ್ಟದ್ದು, ಅದರ ಹಿಂದೆಯೇ ಕಾದ ಲೋಹ. ಅತ್ತೆ ನಿಂತುಬಿಟ್ಟರು. ನಾನೂ ನಿಂತೆ. ನಮ್ಮಿಬ್ಬರದೂ ಅಕ್ಕಸಾಲಿ ಮನೆತನ. ನಾನು ಮೈಸೂರಿನಲ್ಲಿ ಅಪ್ಪನ ಅಂಗಡಿಯ ಮೂಸೆ, ಇಕ್ಕಳ, ಊದುಕೊಳವೆಗಳ ನಡುವೆ ಹೋಂವರ್ಕ್ ಬರೆದವಳು. ಅತ್ತೆಯ ತೌರಿನ ಕಥೆಯೂ ಅದೇ.

"ಸುಮಾ, ಏನ ವಾಸನಿ ಇದು? ನಮ್ಮಪ್ಪನ ಅಂಗಡ್ಯಾಗ ಕೂತಂಗ ಆತಲ್ಲ" ಎಂದರು ಅತ್ತೆ.

ಗರಾಜಿನಲ್ಲಿ ಎಪ್ಪತ್ತು ದಾಟಿದ ಒಬ್ಬ ಎತ್ತರದ ಮುದುಕರು ಚಿಕ್ಕ ಕರೆಂಟಿನ ಒಲೆಯ ಮೇಲೆ ಸೀಸ ಕಾಯಿಸಿಕೊಂಡು ಸೌಟಿನಿಂದ ಕಬ್ಬಿಣದ ಅಚ್ಚಿಗೆ ಹೊಯ್ಯುತ್ತಿದ್ದರು. ಹೊಯ್ಯುತ್ತಿದ್ದರು ಎನ್ನುವುದಕ್ಕಿಂತ ಚೆಲ್ಲುತ್ತಿದ್ದರು ಎನ್ನಬೇಕು. ಕೈ ಹಾಗೆ ನಡುಗುತ್ತಿತ್ತು. ಬಾಗಿಲಲ್ಲಿ ಅವರ ಹೆಂಡತಿ ಸೊಂಟದ ಮೇಲೆ ಕೈಯಿಟ್ಟು ನಿಂತು ಬೈಯುತ್ತಿದ್ದರು. ಅಷ್ಟರಲ್ಲಿ ಅಚ್ಚು ಬಿಚ್ಚಿ ಅವರು ಕೆಡವಿದ ಗುಂಡುಗಳನ್ನು ನೋಡಿದೆ. ಮೈತುಂಬ ಸುಕ್ಕು. ನನ್ನ ಬಾಯಿ ಸುಮ್ಮನಿರಲಿಲ್ಲ. ಪರಿಚಯ ಇಲ್ಲ, ಹಲೋ ಇಲ್ಲ, "ನಿಮ್ಮ ಅಚ್ಚು ತಣ್ಣಗಿದೆ, ಮೊದಲು ಅದನ್ನು ಕಾಯಿಸಿ" ಎಂದೆ.

ಮುದುಕರು ಕನ್ನಡಕದ ಮೇಲಿನಿಂದ ನನ್ನನ್ನು ನೋಡಿದರು. ಆಮೇಲೆ ಶೂ ಹಾಕಿದ ಅತ್ತೆಯನ್ನು ನೋಡಿದರು. "ಗೊತ್ತು. ಕಾಯಿಸಿದೆ. ಹೊಯ್ಯೋದು ನಿಧಾನ ಆಗೋದ್ರಿಂದ ಮತ್ತೆ ತಣ್ಣಗಾಗುತ್ತೆ" ಎಂದರು. ಅವರ ಟೆಕ್ಸಾಸ್ ಇಂಗ್ಲಿಷನ್ನು ನನಗೆ ಅರ್ಥವಾದ ಕನ್ನಡದಲ್ಲೇ ಬರೆಯುತ್ತಿದ್ದೇನೆ. ಆಮೇಲೆ ಸೌಟನ್ನು ನನ್ನ ಕಡೆ ಚಾಚಿದರು. ತಮಾಷೆಗೆ ಚಾಚಿದರೋ ಏನೋ, ನಾನು ಈಸಿಕೊಂಡೆ. ಅವರ ಹೆಂಡತಿ ನನ್ನ ಕೈಗೆ ದಪ್ಪ ಕೈಗವಸು, ಕಣ್ಣಿಗೆ ಕನ್ನಡಕ ತೊಡಿಸಿದರು. ಅಚ್ಚನ್ನು ಒಲೆಯ ಅಂಚಿಗಿಟ್ಟು ಕಾಯಿಸಿ, ಒಂದೇ ಸಮ ಹೊಯ್ದು, ಹೆಚ್ಚಾದ ಸೀಸ ಕತ್ತರಿಸುವ ಮೇಲಿನ ತಗಡು ತಟ್ಟಿ, ಅಚ್ಚು ಬಿಡಿಸಿದೆ. ಬೆಳ್ಳಿಯಂತೆ ಹೊಳೆಯುವ ಎರಡು ಗುಂಡು ಬಟ್ಟೆಯ ಮೇಲೆ ಬಿದ್ದವು. ಅತ್ತೆ ಬಗ್ಗಿ ನೋಡಿ, "ಪರವಾಗಿಲ್ಲ" ಎಂದರು. ಅವರ ಬಾಯಲ್ಲಿ ಅದಕ್ಕಿಂತ ದೊಡ್ಡ ಹೊಗಳಿಕೆ ನಾನು ಕೇಳಿಲ್ಲ.

ಹೀಗೆ ವಾಲ್ಟ್ ಅಂಕಲ್, ರೂತ್ ಆಂಟಿ ಪರಿಚಯವಾದರು. ಅಂಕಲ್ ರಸ್ತೆ ಇಲಾಖೆಯಲ್ಲಿ ಸರ್ವೆ ಕೆಲಸ ಮಾಡಿ ನಿವೃತ್ತರಾದವರು. ಅವರ ಹತ್ತಿರ ನಡುಗಾತ್ರದ ನಳಿಗೆಯ ಒಂದು ಹಳೆಯ ರೈಫಲ್ ಇತ್ತು. ಮದುವೆಗೆ ಮುಂಚೆ ಕೊಂಡದ್ದಂತೆ. ಪ್ರತಿ ನವೆಂಬರಿನಲ್ಲಿ ಲಾನೋ ಕಡೆಯ ಗುಡ್ಡಗಳಲ್ಲಿ ಗೆಳೆಯರ ಜೊತೆ ಜಿಂಕೆ ಬೇಟೆಗೆ ಹೋಗುವುದು ಅವರ ಜೀವನದ ದೊಡ್ಡ ಹಬ್ಬ. ಆದರೆ ಆ ಅಳತೆಯ ತೋಟಾ ಅಂಗಡಿಗಳಲ್ಲಿ ಸಿಗುವುದು ನಿಂತುಹೋಗಿತ್ತು. ಮನೆಯಲ್ಲೇ ಮಾಡಿಕೊಳ್ಳಬೇಕು. ಮಾಡಿಕೊಳ್ಳಲು ಕೈ ಬೇಕು. ಆ ಕೈಗೆ ಎರಡು ವರ್ಷದಿಂದ ನಡುಕ. ಹಿಂದಿನ ವರ್ಷ ಬೇಟೆಗೇ ಹೋಗಿರಲಿಲ್ಲ. "ಈ ಸಲವೂ ಹೋಗದೆ ಇದ್ರೆ ಇನ್ನು ಯಾವತ್ತೂ ಹೋಗಲ್ಲ, ನನಗೆ ಗೊತ್ತು" ಎಂದು ರೂತ್ ಆಂಟಿ ನನ್ನೊಬ್ಬಳಿಗೇ ಅಡಿಗೆಮನೆಯಲ್ಲಿ ಹೇಳಿದರು. "ಸೀಸ ಮುಟ್ಟಬೇಡಿ ಅಂತ ಬೈಯೋಳೂ ನಾನೇ. ಮುಟ್ಟದೆ ಸೋಫಾ ಮೇಲೆ ಕೂತ್ರೆ ಅಳೋಳೂ ನಾನೇ."

ನಾನು ಅಂದೇ ತೀರ್ಮಾನ ಮಾಡಿದೆ. ಈ ಮನುಷ್ಯ ಈ ವರ್ಷ ಬೇಟೆಗೆ ಹೋಗಬೇಕು. ಜಿಂಕೆಯ ವಿಷಯ ಆಮೇಲೆ ಯೋಚಿಸಿದರಾಯಿತು.

ಶುಕ್ರವಾರ ಬಂದ ಶ್ರೀಧರ್‌ಗೆ ವಿಷಯ ತಿಳಿದು ತಲೆ ಗಿರ್ರೆಂದಿತು. "ಗುಂಡು? ತೋಟಾ? ನಮ್ಮ ವೀಸಾ ಏನಾಗ್ತದ ಗೊತ್ತದ ಏನು? ಗ್ರೀನ್ ಕಾರ್ಡ್ ಫೈಲ್ ಮಾಡೋದು ಇನ್ನೂ ಬಾಕಿ ಅದ!" ಎಂದರು.

"ರೀ, ಸಂಬಳ ಇಲ್ಲ, ಕೆಲಸ ಅಲ್ಲ. ಅಕ್ಕಪಕ್ಕದವರಿಗೆ ಕೈಜೋಡಿಸೋದು."

ಸುಮ್ಮನೆ ಬಿಡುವ ಪೈಕಿಯಲ್ಲ ಅವರು. ಆಫೀಸಿನ ವಕೀಲರನ್ನು ಕೇಳಿದರು. ವಕೀಲರು ಹೇಳಿದ್ದು ಕೇಳಿ ನಾವೆಲ್ಲ ಬಿದ್ದು ಬಿದ್ದು ನಕ್ಕೆವು. ನಮ್ಮಂಥ ವೀಸಾದವರು ತೋಟಾ ಮುಟ್ಟುವಂತಿಲ್ಲ, ಬೇಟೆಯ ಲೈಸೆನ್ಸ್ ಇದ್ದರೆ ಮುಟ್ಟಬಹುದು! ಮರುದಿನವೇ ವಾಲ್ಟ್ ಅಂಕಲ್ ತಮ್ಮ ಪಿಕಪ್‌ನಲ್ಲಿ ನನ್ನನ್ನೂ ಅತ್ತೆಯನ್ನೂ ಕೂರಿಸಿಕೊಂಡು ಅಂಗಡಿಗೆ ಹೋದರು. ಮೀನಿನ ಗಾಳ ಮಾರುವ ಕೌಂಟರಿನಲ್ಲಿ ನನಗೆ ಬೇಟೆಯ ಲೈಸೆನ್ಸ್ ಕೊಟ್ಟರು. ಏಳು ತಲೆಮಾರಿನಿಂದ ಮೊಟ್ಟೆ ಒಡೆಯದ ಮನೆಯ ಸೊಸೆ ನಾನು. ಪರ್ಸಿನಲ್ಲಿ ಒಂದು ಕಡೆ ಮಂತ್ರಾಲಯದ ಮಂತ್ರಾಕ್ಷತೆಯ ಪೊಟ್ಟಣ, ಇನ್ನೊಂದು ಕಡೆ ಟೆಕ್ಸಾಸಿನಲ್ಲಿ ಜಿಂಕೆ, ಕಾಡುಕೋಳಿ ಹೊಡೆಯುವ ಪರವಾನಗಿ.

ಅಲ್ಲಿಂದ ನನ್ನ ದಿನಗಳಿಗೆ ಕಾಲು ಬಂತು. ಬೆಳಿಗ್ಗೆ ಅಡಿಗೆ ಮುಗಿಸಿ ಎದುರು ಮನೆಗೆ ಓಡುತ್ತಿದ್ದೆ. ಒಮ್ಮೆ ಹಾರಿಸಿದ ತೋಟಾದ ಹಿತ್ತಾಳೆಯ ಕೊಳವೆ ಹಾಳಾಗುವುದಿಲ್ಲ. ಅದನ್ನು ತೊಳೆದು ಒಣಗಿಸಿ, ಪ್ರೆಸ್ ಎಂಬ ಯಂತ್ರದ ಸನ್ನೆ ಎಳೆದು ಮತ್ತೆ ಅಳತೆಗೆ ತರಬೇಕು. ಹಿಂಬದಿಗೆ ಕಿಡಿ ಹೊತ್ತಿಸುವ ಪುಟ್ಟ ಬಿಲ್ಲೆ ಕೂರಿಸಬೇಕು. ಒಳಗೆ ತೂಗಿದ ಮದ್ದು ಸುರಿದು, ಬಾಯಿಗೆ ಗುಂಡು ಒತ್ತಿದರೆ ಹೊಸ ತೋಟಾ. ಗುಂಡಿನಲ್ಲಿ ಎರಡು ಬಗೆ. ನಾವೇ ಎರಕ ಹೊಯ್ದ ಸೀಸದ ಗುಂಡು ಅಭ್ಯಾಸಕ್ಕೆ. ಪೆಟ್ಟಿಗೆಯಲ್ಲಿ ಕೊಂಡು ತಂದ, ಮೈಮೇಲೆ ತಾಮ್ರದ ಅಂಗಿ ತೊಟ್ಟ ಗುಂಡು ಬೇಟೆಗೆ. ಸೀಸ ಕರಗಿದಾಗ ಅದರಲ್ಲಿ ಮೇಣದ ಬತ್ತಿಯ ತುಂಡು ಹಾಕಿ ಕದಡಿದರೆ ಕಸವೆಲ್ಲ ಮೇಲೆ ತೇಲಿ ಲೋಹ ಕನ್ನಡಿಯಾಗುತ್ತಿತ್ತು. ಅಪ್ಪ ಚಿನ್ನಕ್ಕೆ ಬಿಳಿಗಾರ ಹಾಕುತ್ತಿದ್ದರು, ಇಲ್ಲಿ ಸೀಸಕ್ಕೆ ಮೇಣ. ಅಷ್ಟೇ ವ್ಯತ್ಯಾಸ.

ರೂತ್ ಆಂಟಿಯ ಕಟ್ಟಳೆಗಳು ಬಿಗಿ. ಗರಾಜಿನಲ್ಲಿ ಒಂದು ಬಿಸ್ಕತ್ತೂ ತಿನ್ನುವಂತಿಲ್ಲ, ನೀರೂ ಕುಡಿಯುವಂತಿಲ್ಲ. ಸೀಸ ಮುಟ್ಟಿದವರು ಸೋಪು ಹಾಕಿ ಕೈ ತೊಳೆದು, ಮೇಲಂಗಿ ಬದಲಿಸದೆ ಅಡಿಗೆಮನೆಗೆ ಕಾಲಿಡುವಂತಿಲ್ಲ. ವಿಷದ ಲೋಹವಲ್ಲವೇ. ಅತ್ತೆಗೆ ಇದು ಬಹಳ ಹಿಡಿಸಿತು. "ಇವರ ಮನ್ಯಾಗೂ ಮಡಿ ಅದ ನೋಡು" ಎಂದು ಧಾರವಾಡಕ್ಕೆ ಫೋನ್ ಮಾಡಿದಾಗಲೆಲ್ಲ ಹೇಳುತ್ತಿದ್ದರು.

ತಕ್ಕಡಿಯ ಕೆಲಸ ಪೂರ್ತಿ ನನ್ನದು. ಉದ್ದನೆಯ ಕಡ್ಡಿ, ಒಂದು ತುದಿಗೆ ಮದ್ದು ಹಾಕುವ ಪುಟ್ಟ ತಟ್ಟೆ, ಇನ್ನೊಂದು ತುದಿಯಲ್ಲಿ ಹಿಂದೆ ಮುಂದೆ ಜರುಗುವ ತೂಕ. ಖಾಲಿ ತಟ್ಟೆಯಿಟ್ಟಾಗ ಮುಳ್ಳು ಸೊನ್ನೆಗೆ ನಿಲ್ಲಬೇಕು, ಆಮೇಲೇ ಮದ್ದು. ಅಪ್ಪ ಗುಲಗಂಜಿ ಲೆಕ್ಕದಲ್ಲಿ ಚಿನ್ನ ತೂಗುವುದನ್ನು ನೋಡಿ ಬೆಳೆದ ನನಗೆ ಇದು ಆಟ. ಅಂಕಲ್ ಪಕ್ಕದಲ್ಲಿ ಸ್ಟೂಲಿನ ಮೇಲೆ ಕೂತು, ಅವರ ದಪ್ಪ ಪುಸ್ತಕ ಹೇಳುವ ತೂಕ ಓದುತ್ತಿದ್ದರು. ನಾನು ತೂಗಿದ್ದನ್ನು ಅವರು ನೋಡಬೇಕು, ಅವರು ಓದಿದ್ದನ್ನು ನಾನು ನೋಡಬೇಕು. ಮದ್ದಿನ ವಿಷಯದಲ್ಲಿ ಆ ಮನುಷ್ಯ ಯಾರನ್ನೂ ನಂಬುವವರಲ್ಲ, ತಮ್ಮನ್ನೂ ಸೇರಿಸಿ.

ಸೆಪ್ಟೆಂಬರ್ ಕೊನೆಗೆ ಮೊದಲ ತೋಟಾಗಳು ಸಿದ್ಧವಾದವು. ಊರಾಚೆಯ ಗುರಿ ಹೊಡೆಯುವ ಮೈದಾನಕ್ಕೆ ಹೋದೆವು. ಕಾಫಿ ಲೋಟ ಹಿಡಿದರೆ ಅರ್ಧ ಚೆಲ್ಲುವ ಅಂಕಲ್, ಮರಳು ಚೀಲದ ಮೇಲೆ ರೈಫಲ್ ಇಟ್ಟು ಕೆನ್ನೆ ಆನಿಸಿದ ಕೂಡಲೇ ಬೇರೆ ಮನುಷ್ಯರಾದರು. ಢಂ ಎಂದಾಗ ಅತ್ತೆ ಕಿವಿಯ ಮೇಲಿನ ಮುಚ್ಚಳವನ್ನು ಇನ್ನಷ್ಟು ಒತ್ತಿಕೊಂಡು "ರಾಮ ರಾಮ" ಎಂದರು. ಗುಂಡುಗಳು ಕಪ್ಪು ವೃತ್ತದ ನಡುವೆ ಬಿದ್ದಿದ್ದವು. ವಾಪಸು ಬರುವಾಗ ಅಂಕಲ್ ದಾರಿಯುದ್ದಕ್ಕೂ ಸಿಳ್ಳೆ ಹಾಕಿದರು. ರೂತ್ ಆಂಟಿ ನನ್ನ ಕೈ ಹಿಡಿದು ಒತ್ತಿದರು.

ಅಷ್ಟರಲ್ಲಿ ದಸರಾ ಬಂತು. ಆಯುಧಪೂಜೆಯ ಹಿಂದಿನ ದಿನ ಅತ್ತೆ, "ಸುಮಾ, ಈ ವರ್ಷ ನಮ್ಮ ಆಯುಧ ಎಲ್ಲಿ ಅವ ಹೇಳು? ಎದುರು ಮನ್ಯಾಗ ಅವ. ಪೂಜಾ ಅಲ್ಲೇ ಆಗಬೇಕು" ಎಂದು ಅಪ್ಪಣೆ ಕೊಡಿಸಿದರು. ಹೆದರುತ್ತಲೇ ಅಂಕಲ್‌ನ ಕೇಳಿದೆ. ಅವರಿಗೆ ಖುಷಿಯೋ ಖುಷಿ. ವರ್ಷಕ್ಕೊಮ್ಮೆ ಹತಾರಗಳಿಗೆ ರಜೆ ಕೊಟ್ಟು ಪೂಜೆ ಮಾಡುವ ಜನ ಇದ್ದಾರೆ ಎಂಬುದೇ ಅವರಿಗೆ ದೊಡ್ಡ ಸುದ್ದಿ. "ಇಂಥ ಹಬ್ಬ ಇಟ್ಟುಕೊಂಡು ಇಷ್ಟು ದಿನ ಸುಮ್ಮನಿದ್ರಾ?" ಎಂದರು. ಸಂಜೆಯೆಲ್ಲ ಇಬ್ಬರೂ ಸೇರಿ ಗರಾಜು ಗುಡಿಸಿ, ಪ್ರೆಸ್ಸಿಗೆ ಎಣ್ಣೆ ಹಾಕಿ, ಅಚ್ಚುಗಳನ್ನು ಉಜ್ಜಿ, ತಕ್ಕಡಿಯನ್ನು ಸಮಮಟ್ಟದಲ್ಲಿಟ್ಟು ಸೊನ್ನೆಗೆ ತಂದು ನಿಲ್ಲಿಸಿದೆವು.

ಮರುದಿನ ಅತ್ತೆ ರೇಷ್ಮೆ ಸೀರೆ ಉಟ್ಟು ಬಂದರು. ಪ್ರೆಸ್ಸಿಗೆ ಗಂಧ, ಅದರ ಮೇಲೆ ಕುಂಕುಮ, ಅದರ ಮೇಲೆ ಅಕ್ಷತೆ. ಅಚ್ಚುಗಳಿಗೆ, ಇಕ್ಕಳಕ್ಕೆ, ಸುತ್ತಿಗೆಗೆ, ಕೊನೆಗೆ ಪಿಕಪ್ಪಿನ ಬಾನೆಟ್ಟಿಗೆ. ರೈಫಲ್ಲಿಗೆ ಸೇವಂತಿಗೆ ಸಿಗದೆ ರೂತ್ ಆಂಟಿಯ ಕುಂಡದ ಚೆಂಡು ಹೂವು. ನಾನು ತಕ್ಕಡಿಯ ಕಡೆ ಕೈ ಚಾಚಿದಾಗ ಅತ್ತೆ ತಡೆದರು. "ತಕ್ಕಡಿಗೆ ಬೊಟ್ಟು ಹಚ್ಚಬ್ಯಾಡ. ಮುಂದ ಒಂದು ಹೂವು ಇಡು, ಸಾಕು." ನಮ್ಮಪ್ಪನೂ ಹಾಗೇ ಮಾಡುತ್ತಿದ್ದದ್ದು. ಹೂವಿಟ್ಟೆ. ಆರತಿಯಾಯಿತು. ಗರಾಜಿನ ಬಾಗಿಲಾಚೆ ಕೆಂಪು ನೀರಿನ ಕುಂಬಳಕಾಯಿ ಒಡೆದಾಗ ಎದುರಿಗೆ ನಾಯಿ ಹಿಡಿದು ಹೋಗುತ್ತಿದ್ದವನು ಎರಡೆರಡು ಸಲ ತಿರುಗಿ ನೋಡಿದ. "ನಾಳೆ ವಿಜಯದಶಮಿವರೆಗೂ ಇವನ್ನ ಯಾರೂ ಮುಟ್ಟಬಾರದು" ಎಂದು ಅಂಕಲ್‌ಗೆ ಹೇಳಿದೆ. ಅವರು ಅದನ್ನು ಎಷ್ಟು ಶ್ರದ್ಧೆಯಿಂದ ಪಾಲಿಸಿದರೆಂದರೆ ರೂತ್ ಆಂಟಿಗೆ ಗರಾಜಿನಿಂದ ಪೊರಕೆ ತೆಗೆದುಕೊಳ್ಳಲೂ ಬಿಡಲಿಲ್ಲವಂತೆ.

ವಿಜಯದಶಮಿಯಂದು ಒಳ್ಳೆಯ ಹೊತ್ತು ನೋಡಿ ಅಭ್ಯಾಸಕ್ಕೂ ಬೇಟೆಗೂ ತೋಟಾಗಳನ್ನು ತುಂಬಿದೆವು. ಎರಕದ್ದೂ ಒಂದಷ್ಟು, ತಾಮ್ರದಂಗಿಯದೂ ಒಂದಷ್ಟು. ಕುಂಕುಮದ ಬೊಟ್ಟುಗಳನ್ನು ಯಾರೂ ಒರೆಸಲಿಲ್ಲ. ಅವು ತಾವಾಗಿಯೇ ಉದುರಬೇಕು, ಒರೆಸುವುದು ಶುಭವಲ್ಲ. ತಕ್ಕಡಿ ಪೂಜೆಯ ಹಿಂದಿನ ಸಂಜೆಯೇ ಸೊನ್ನೆಗೆ ನಿಂತಿತ್ತು. ಪೂಜೆಗೆ ಇಟ್ಟದ್ದನ್ನು ಯಾರೂ ಮುಟ್ಟಿಲ್ಲವಲ್ಲ, ಹಾಗಾಗಿ ಮತ್ತೆ ನೋಡುವ ಅಗತ್ಯ ನನಗೂ ಕಾಣಲಿಲ್ಲ, ಅಂಕಲ್‌ಗೂ ಕಾಣಲಿಲ್ಲ.

ಎರಡು ದಿನ ಬಿಟ್ಟು ಮೈದಾನಕ್ಕೆ ಹೋದೆವು. ಎರಕದ ಗುಂಡು ಹಾರಿಸಿದರು. ಎಲ್ಲವೂ ಗುರಿಗಿಂತ ನಾಲ್ಕು ಬೆರಳು ಕೆಳಗೆ. ಉಸಿರು ಬಿಗಿಹಿಡಿದು ಮತ್ತೆ ಹೊಡೆದರು, ಮತ್ತೆ ಕೆಳಗೆ. "ಎರಕದ್ದರಲ್ಲಿ ಏನೋ ದೋಷ ಇರಬಹುದು" ಎಂದು ತಾಮ್ರದಂಗಿಯ ಗುಂಡು ತೆಗೆದರು. ಅದು ಯಾವಾಗಲೂ ಬೀಳುವ ಜಾಗ ಅವರಿಗೆ ಬಾಯಿಪಾಠ. ಅದೂ ಕೆಳಗೇ ಬಿತ್ತು. ಅಂಕಲ್ ರೈಫಲ್ ಕೆಳಗಿಟ್ಟರು. ತಮ್ಮ ಬಲಗೈಯನ್ನು ಎತ್ತಿ ನೋಡಿಕೊಂಡರು. "ಗುಂಡಿನ ತಪ್ಪಲ್ಲ ಸುಮಾ. ಅಂಗಡಿಯ ಗುಂಡೂ ತಪ್ಪಿತು ಅಂದ ಮೇಲೆ ತಪ್ಪು ಇದರದು" ಎಂದು ಕೈಯನ್ನು ಮಡಚಿಕೊಂಡರು. ದಾರಿಯಲ್ಲಿ ಸಿಳ್ಳೆ ಇಲ್ಲ. ಮನೆ ಹತ್ತಿರ ಬಂದಾಗ, ಸೈಪ್ರೆಸ್‌ನಲ್ಲಿರುವ ಒಬ್ಬರು ಈ ರೈಫಲನ್ನು ಬಹಳ ದಿನದಿಂದ ಕೇಳುತ್ತಿದ್ದಾರೆ, ಶನಿವಾರ ಬಂದು ಒಯ್ಯಲು ಹೇಳುತ್ತೇನೆ ಎಂದರು. ತನ್ನ ಗುರಿಯ ಮೇಲೆ ನಂಬಿಕೆಯಿಲ್ಲದವನು ಜಿಂಕೆಗೆ ಗುಂಡು ಹಾಕಬಾರದು, ಗಾಯಗೊಂಡ ಪ್ರಾಣಿ ಕಾಡಿನಲ್ಲಿ ನರಳುತ್ತದೆ ಎಂದರು. ನನಗೆ ಅಳು ಬಂತು. ಮುಖ ಕಿಟಕಿಯ ಕಡೆ ತಿರುಗಿಸಿಕೊಂಡೆ.

ಗುರಿ ಹೊಡೆದ ಕಾಗದವನ್ನು ಅಂಕಲ್ ಕಸಕ್ಕೆ ಹಾಕಲು ಹೊರಟಿದ್ದರು. ನಾನು ಯಾಕೋ ಮನೆಗೆ ತಂದಿದ್ದೆ. ಶನಿವಾರ ಬೆಳಿಗ್ಗೆ ಅದು ನಮ್ಮ ಊಟದ ಮೇಜಿನ ಮೇಲೆ ಬಿದ್ದಿತ್ತು. ಅತ್ತೆ ಬಾಗಿಲ ಮುಂದೆ ರಂಗೋಲಿ ಹಾಕಿ ಬಂದು, ಕೈ ಒರೆಸಿಕೊಳ್ಳುತ್ತ ಅದರ ಮೇಲೆ ಬಗ್ಗಿದರು.

"ಇದು ಆ ಮನಶ್ಯಾ ಹೊಡದದ್ದೇನು?"

"ಹೂಂ ಅತ್ತೆ. ಕೈ ನಡುಗಿ ಎಲ್ಲ ತಪ್ಪಿಹೋಗಿದೆ."

"ನಡಗೂ ಕೈ ನನಗ ಗೊತ್ತಿಲ್ಲೇನು? ಹೊರಗ ಹೋಗಿ ನನ್ನ ರಂಗೋಲಿ ನೋಡು. ಒಂದು ಚುಕ್ಕಿ ಹುಬ್ಬಳ್ಳ್ಯಾಗ ಬಿದ್ದದ, ಇನ್ನೊಂದು ಧಾರವಾಡದಾಗ. ಈತನ ಚುಕ್ಕಿ ಎಲ್ಲಾ ಒಂದ ಓಣ್ಯಾಗ ಅವ."

ಕಾಗದ ನೋಡಿದೆ. ಹೌದು! ಕೆಳಗೆ ಬಿದ್ದಿವೆ ನಿಜ, ಆದರೆ ಒಂದರ ಪಕ್ಕ ಒಂದು ಗುಂಪಾಗಿ. ನಡುಗುವ ಕೈ ಪ್ರತಿಸಲವೂ ಅಚ್ಚುಕಟ್ಟಾಗಿ ಒಂದೇ ಜಾಗಕ್ಕೆ ತಪ್ಪುವುದು ಸಾಧ್ಯವೇ? ಅಪ್ಪನ ಅಂಗಡಿಯಲ್ಲಿ ತೂಕ ಸಲಕ್ಕೊಂದು ಥರ ಬಂದರೆ ಕೈಯ ಮೇಲೆ ಅನುಮಾನ. ಪ್ರತಿಸಲವೂ ಅಷ್ಟೇ ವ್ಯತ್ಯಾಸ ಬಂದರೆ ತಕ್ಕಡಿಯ ಮೇಲೆ. ಎರಕದ ಗುಂಡಿಗೂ ತಾಮ್ರದಂಗಿಯ ಗುಂಡಿಗೂ ಇದ್ದ ಸಂಬಂಧ ಒಂದೇ. ಎರಡಕ್ಕೂ ಮದ್ದು ತೂಗಿದ್ದು ಅದೇ ತಕ್ಕಡಿ.

ಚಪ್ಪಲಿ ಕೂಡ ಹಾಕದೆ ಓಡಿದೆ. ಅತ್ತೆ ಹಿಂದೆ. ಡಾಲಸ್‌ನಿಂದ ಬಂದು ಮಲಗಿದ್ದ ಶ್ರೀಧರ್ ಗಲಾಟೆಗೆ ಎದ್ದು ಪಂಚೆಯಲ್ಲೇ ಅವರ ಹಿಂದೆ. ಅಂಕಲ್ ಮನೆ ಮುಂದೆ ಬೇರೊಂದು ಕಾರು ನಿಂತಿತ್ತು. ಗರಾಜಿನಲ್ಲಿ ಟೋಪಿ ಹಾಕಿದ ಭಾರೀ ಆಸಾಮಿಯೊಬ್ಬರು ರೈಫಲ್ಲನ್ನು ಕೈಯಲ್ಲಿ ಹಿಡಿದು ತಿರುಗಿಸಿ ನೋಡುತ್ತಿದ್ದರು. ಸೈಪ್ರೆಸ್‌ನವರು. ಅಂಕಲ್ ಗೋಡೆಗೆ ಒರಗಿ ನಿಂತಿದ್ದರು. ನಾನು ಯಾರಿಗೂ ನಮಸ್ಕಾರ ಹೇಳದೆ ಸೀದಾ ತಕ್ಕಡಿಯ ಹತ್ತಿರ ಹೋಗಿ ಖಾಲಿ ತಟ್ಟೆಯಿಟ್ಟು ನೋಡಿದೆ. ಮುಳ್ಳು ಸೊನ್ನೆಗೆ ಬರಲಿಲ್ಲ. ತಟ್ಟೆ ಭಾರವಾಗಿ ಇಳಿಯಿತು. ತಟ್ಟೆಯನ್ನು ಎತ್ತಿ ಬೋರಲು ಹಾಕಿದೆ.

ತಟ್ಟೆಯ ಅಡಿಯಲ್ಲಿ ಕಾಸಿನಗಲ ಗಂಧ, ಅದರ ಮೇಲೆ ದಪ್ಪಗೆ ಕುಂಕುಮ, ನಟ್ಟನಡುವೆ ಎರಡು ಅಕ್ಷತೆ ಕಾಳು. ಒಣಗಿ ಗಾರೆಯಾಗಿತ್ತು.

"ಇದನ್ನ ಇಲ್ಲಿ ಇಟ್ಟವರು ಯಾರು?" ಎಂದು ಕೇಳಿದೆ.

ವಾಲ್ಟ್ ಅಂಕಲ್ ಮೇಷ್ಟ್ರ ಮುಂದೆ ನಿಂತ ಹುಡುಗನಂತೆ ಕತ್ತು ತುರಿಸಿಕೊಂಡರು. "ನೀವೆಲ್ಲ ಹೋದ ಮೇಲೆ ನಾನೇ ಇಟ್ಟೆ. ಸುತ್ತಿಗೆಗೂ ಇಟ್ರಿ, ನನ್ನ ಗಾಡಿಗೂ ಇಟ್ರಿ, ಅದೊಂದನ್ನ ಬಿಟ್ಟುಬಿಟ್ರಿ. ಪಾಪ ಅನ್ನಿಸ್ತು."

"ಅಡಿಯಲ್ಲಿ ಯಾಕೆ ಅಂಕಲ್?"

"ಮೇಲಿಟ್ರೆ ಮದ್ದಿಗೆ ಸೇರುತ್ತಲ್ಲ. ಮದ್ದಿಗೆ ಬೇರೆ ಏನೂ ಸೇರಬಾರದು."

ತಕ್ಕಡಿಗೆ ಬೊಟ್ಟಿಡಬಾರದು ಎಂದು ಅತ್ತೆ ಹೇಳಿದ್ದು ನನಗೆ, ಅದೂ ಧಾರವಾಡದ ಕನ್ನಡದಲ್ಲಿ. ಅದನ್ನು ಅಂಕಲ್‌ಗೆ ಯಾರೂ ಹೇಳಿರಲಿಲ್ಲ. ಈಗ ಹೇಳಿದೆ. ಬೊಟ್ಟಿನ ತೂಕವನ್ನೂ ತಕ್ಕಡಿ ಮದ್ದಿನ ತೂಕವೆಂದೇ ಹಿಡಿದಿದೆ, ಅಷ್ಟು ಮದ್ದು ಪ್ರತಿ ತೋಟಾದಲ್ಲೂ ಕಡಿಮೆ ಬಿದ್ದಿದೆ. ಮದ್ದು ಕಡಿಮೆಯಾದ್ದರಿಂದ ಗುಂಡಿನ ಓಟ ನಿಧಾನ, ನಿಧಾನವಾದ್ದರಿಂದ ಗುರಿ ಮುಟ್ಟುವಷ್ಟರಲ್ಲಿ ಕೆಳಗಿಳಿದಿದೆ. ಮಾತು ಮುಗಿಯುವ ಮೊದಲೇ ಅಂಕಲ್‌ಗೆ ಎಲ್ಲ ಅರ್ಥವಾಗಿತ್ತು. ಅವರು ಮೆಲ್ಲಗೆ ಸ್ಟೂಲಿನ ಮೇಲೆ ಕೂತರು. "ಹಾಗಾದ್ರೆ ಕೈ ಅಲ್ಲ" ಎಂದರು. ಮತ್ತೊಂದು ಸಲ, ರೂತ್ ಆಂಟಿಯ ಕಡೆ ತಿರುಗಿ, "ಕೈ ಅಲ್ಲ ಕಣೇ" ಎಂದರು. ಆಮೇಲೆ ಶುರುವಾದ ನಗು ನಿಲ್ಲಲೇ ಇಲ್ಲ. ಅವರು ನಕ್ಕರು, ರೂತ್ ಆಂಟಿ ನಗುತ್ತಲೇ ಅತ್ತರು, ವಿಷಯ ಪೂರ್ತಿ ತಿಳಿಯದ ಶ್ರೀಧರ್ ಪಂಚೆ ಹಿಡಿದುಕೊಂಡು ನಕ್ಕರು. ಟೋಪಿಯ ಆಸಾಮಿ ಮಾತ್ರ ರೈಫಲ್ ಹಿಡಿದು ನಮ್ಮೆಲ್ಲರನ್ನೂ ಸರದಿಯಂತೆ ನೋಡುತ್ತಿದ್ದರು.

"ಇದನ್ನ ಒರೆಸಲೇಬೇಕಲ್ಲ ಅತ್ತೆ, ಶುಭ ಅಲ್ಲ ಅಂತೀರಲ್ಲ" ಎಂದೆ.

"ಒರಸು, ಒರಸು. ದೇವರಿಗೂ ತಿಳೀತದ" ಎಂದ ಅತ್ತೆ, ನಾನು ಕೈ ಹಾಕುವ ಮೊದಲೇ ತಮ್ಮ ಸೆರಗಿನ ತುದಿ ಒದ್ದೆ ಮಾಡಿ ತಿಕ್ಕಿಬಿಟ್ಟರು. ಮತ್ತೆ ಸೊನ್ನೆ ನೋಡಿದೆವು. ನಾನೊಮ್ಮೆ, ಅಂಕಲ್ ಒಮ್ಮೆ, ಯಾವುದಕ್ಕೂ ಇರಲಿ ಎಂದು ಸೈಪ್ರೆಸ್‌ನವರು ಒಮ್ಮೆ. ಪುಸ್ತಕ ತೆಗೆದು ಅಲ್ಲೇ ಕೆಲವು ತೋಟಾ ತುಂಬಿದೆವು. "ಮಾರುವ ಮೊದಲು ಒಂದೇ ಒಂದು ಸಲ ಹೊಡೆದು ನೋಡ್ತೀನಿ" ಎಂದು ಅಂಕಲ್ ಅವರ ಒಪ್ಪಿಗೆ ಕೇಳಿದರು. ಮೂರು ಗಂಟೆ ಕಾರು ಓಡಿಸಿಕೊಂಡು ಬಂದಿದ್ದ ಆ ಪುಣ್ಯಾತ್ಮರೂ ನಮ್ಮ ಜೊತೆಯೇ ಮೈದಾನಕ್ಕೆ ಬಂದರು. ಮರಳು ಚೀಲ, ಕೆನ್ನೆ, ಉಸಿರು. ಮೊದಲನೆಯದು ನಡುವೆ. ಎರಡನೆಯದು ಅದನ್ನು ಮುಟ್ಟಿಕೊಂಡು. ಮೂರನೆಯದು ಹಾರಿಸುವ ಮುನ್ನ ಅಂಕಲ್ ಕಣ್ಣೊರೆಸಿಕೊಳ್ಳಬೇಕಾಯಿತು.

ಸೈಪ್ರೆಸ್‌ನವರು ದುರ್ಬೀನು ಕೆಳಗಿಳಿಸಿ, "ಛೆ, ಈಗ ಇನ್ನೂ ಬೇಕು ಅನ್ನಿಸ್ತಿದೆ. ನೀವು ಕೊಡಲ್ಲ ಅಂತಲೂ ಗೊತ್ತಾಗ್ತಿದೆ" ಎಂದರು. ಅವರನ್ನು ಬರಿಗೈಯಲ್ಲಿ ಕಳಿಸಲು ಅತ್ತೆ ಒಪ್ಪಲಿಲ್ಲ. ನಮ್ಮ ಮನೆಗೆ ಕರೆತಂದು ಬಿಸಿಬೇಳೆಬಾತು ಬಡಿಸಿದರು. ಆತ ಮೂರು ಸಲ ಹಾಕಿಸಿಕೊಂಡು, ಡಬ್ಬಿಯಲ್ಲೂ ತುಂಬಿಸಿಕೊಂಡು ಹೋದರು.

ಮುಂದಿನ ವಾರವೆಲ್ಲ ಬೊಟ್ಟಿನ ತೋಟಾಗಳನ್ನು ಬಿಚ್ಚಿ, ಸರಿಯಾದ ಮದ್ದು ತುಂಬಿದೆವು. ನವೆಂಬರಿನ ಮೊದಲ ಶನಿವಾರಕ್ಕೆ ಮುಂಚಿನ ದಿನ ಅಂಕಲ್ ಪಿಕಪ್ಪಿಗೆ ಹಾಸಿಗೆ, ಕಾಫಿ ಕೆಟಲು, ರೈಫಲ್ ಹೇರಿಕೊಂಡು ಲಾನೋ ಕಡೆ ಹೊರಟರು. ಬಾನೆಟ್ಟಿನ ಮೇಲೆ ಅತ್ತೆಯ ಕುಂಕುಮ ಇನ್ನೂ ಕೆಂಪಗಿತ್ತು.

ಶನಿವಾರ ಬೆಳಿಗ್ಗೆ ದೇವರ ಮುಂದೆ ದೀಪ ಹಚ್ಚಿದವಳಿಗೆ ಏನು ಬೇಡಿಕೊಳ್ಳಬೇಕೆಂದು ತೋಚಲಿಲ್ಲ. ನನ್ನ ಕೈಯಿಂದ ತುಂಬಿದ ತೋಟಾ ಅದು. ಜಿಂಕೆ ಸಾಯಲಿ ಎಂದು ಬೇಡಲೇ? ಅಂಕಲ್ ಸೋಲಲಿ ಎಂದು ಬೇಡಲೇ? ಜಿಂಕೆ ಎದುರಿಗೆ ಬರದಿರಲಿ, ಬಂದರೆ ಅದು ನರಳದಿರಲಿ ಎಂದು ಕೈಮುಗಿದೆ. ಅತ್ತೆಗೆ ಹೇಳಿದರೆ, "ಜಿಂಕಿ ಪಾಡು ಜಿಂಕಿ ನೋಡ್ಕೊಳ್ತದ, ದೇವರು ಏನು ಮಾಡಬೇಕೋ ಅದನ್ನ ಮಾಡ್ತಾನ. ನೀ ಮೊದಲು ಹಾಲು ಉಕ್ಕೋದು ನೋಡು" ಎಂದರು. ಒಲೆಯ ಮೇಲೆ ಹಾಲು ಉಕ್ಕುತ್ತಿತ್ತು.

ಅಂಕಲ್ ಮರಳಿದ್ದು ಮಂಗಳವಾರ ಸಂಜೆ. ಗಾಡಿ ನಿಲ್ಲುವ ಮೊದಲೇ ನಾನು ರಸ್ತೆ ದಾಟಿದ್ದೆ. ಅವರ ಮುಖವೇ ಎಲ್ಲ ಹೇಳುತ್ತಿತ್ತು. "ಒಂದೇ ಗುಂಡು" ಎಂದರು. "ನಿಂತಲ್ಲೇ ಬಿತ್ತು. ಅದಕ್ಕೆ ಗೊತ್ತೇ ಆಗಲಿಲ್ಲ." ನನ್ನ ಎದೆ ಒಂದು ಕ್ಷಣ ಚುರುಕ್ ಎಂದಿತು. ಮರುಕ್ಷಣ ಅವರ ಖುಷಿ ನೋಡಿ ನನಗೂ ಖುಷಿಯಾಯಿತು. ಎರಡೂ ನಿಜ, ಯಾವುದನ್ನೂ ಮುಚ್ಚಿಡುವುದಿಲ್ಲ. ಮಾಂಸವನ್ನು ಅವರು ಅಲ್ಲೇ ಗೆಳೆಯರಿಗೆ ಹಂಚಿ, ತಮ್ಮ ಪಾಲನ್ನು ನಮ್ಮ ಕಣ್ಣಿಗೆ ಬೀಳದ ಹಾಗೆ ಡಬ್ಬಿಯಲ್ಲಿ ಮುಚ್ಚಿ ತಂದಿದ್ದರು.

"ಶ್ರೀಧರ್ ಇದಾನಾ? ಹಿಂದೆ ಒಂದು ಸಾಮಾನಿದೆ, ಇಳಿಸೋಕೆ ನನ್ನ ಕೈಲಾಗಲ್ಲ" ಎಂದರು. ಶ್ರೀಧರ್ ಬಂದರು. ಆ ವಾರ ಡಾಲಸ್ ತಪ್ಪಿತ್ತು. ಪಿಕಪ್ಪಿನ ಹಿಂಬದಿಯಲ್ಲಿ ಒಂದು ದೊಡ್ಡ ಬಕೆಟ್ಟು. ತುಂಬ ಕಪ್ಪು ಕಪ್ಪು ಸೀಸದ ತುಂಡುಗಳು, ಕಾರಿನ ಚಕ್ರಕ್ಕೆ ಸಮತೂಕಕ್ಕೆಂದು ಹಚ್ಚಿರುವಂಥವು. ಬರುವ ದಾರಿಯಲ್ಲಿ ಒಂದು ಟೈರ್ ಅಂಗಡಿಗೆ ಹೋಗಿ, ಹಳೆಯದನ್ನೆಲ್ಲ ಕೇಳಿ ತುಂಬಿಸಿಕೊಂಡು ಬಂದಿದ್ದರು. ಮೂರು ವಾರದ ಹಿಂದೆ ರೈಫಲ್ ಮಾರಲು ಕೂತಿದ್ದ ಮನುಷ್ಯ.

"ಲೆಕ್ಕ ಹಾಕಿದೀನಿ ಸುಮಾ" ಎಂದರು ಅಂಕಲ್, ಬಕೆಟ್ಟಿನ ಅಂಚು ತಟ್ಟುತ್ತ. "ನಾವು ಹೀಗೇ ಮಾಡ್ತಾ ಹೋದ್ರೆ ಇದು ಹತ್ತು ವರ್ಷಕ್ಕೆ ಸಾಕು."

ಶ್ರೀಧರ್ ಬೆರಳು ಮಡಚಿ, ನನ್ನ ಕಿವಿಯ ಹತ್ತಿರ ಬಗ್ಗಿ, "ಹತ್ತು ವರ್ಷ ಅಂದ್ರ ಅಂಕಲ್‌ಗೆ ಆಗ..." ಎಂದು ಶುರು ಮಾಡಿದರು.

"ರೀ, ಲೆಕ್ಕ ಆಮೇಲೆ" ಎಂದೆ. "ಮೊದಲು ಆ ಕಡೆ ಹಿಡ್ಕೊಳ್ಳಿ."